ಕೆರೆಗೆ ಹೋಗಬೇಕಿದ್ದ ನೀರು ಮನೆಯೊಳಗೆ ಬಂತು

ನಿನ್ನೆ ರಾತ್ರಿ ಹನ್ನೊಂದರಿಂದ ಬೆಳಗಿನ ಜಾವ ಮೂರರವರೆಗೆ ಬಕೆಟ್‌ನಲ್ಲಿ ನೀರು ಎತ್ತಿ ಎತ್ತಿ ಹೊರಗೆ ಹಾಕಿದ್ದೇನೆ. ಸೊಂಟ ಬಿದ್ದು ಹೋಗಿದೆ. ಮಗಳ ಪುಸ್ತಕದ ಚೀಲ ನೆನೆದು ಮುದ್ದೆಯಾಗಿದೆ. ನೆಲದಡಿಯ ನೀರಿನ ಸಂಪಿನೊಳಗೆ ಚರಂಡಿ ನೀರು ಸೇರಿದೆ. ಅದರಲ್ಲಿದ್ದದ್ದು ಮೊನ್ನೆ ತಾನೇ ದುಡ್ಡು ಕೊಟ್ಟು ಹಾಕಿಸಿದ ಟ್ಯಾಂಕರ್ ನೀರು. ಈಗ ಅದನ್ನೆಲ್ಲ ಚೆಲ್ಲಿ, ಸಂಪು ತೊಳೆಸಿ, ಮತ್ತೆ ಟ್ಯಾಂಕರ್‌ನವರಿಗೆ ಫೋನ್ ಮಾಡಬೇಕು.

ಕೆರೆ ನಮ್ಮ ಮನೆಯಿಂದ ಮುನ್ನೂರು ಹೆಜ್ಜೆ. ಬೆಳಿಗ್ಗೆ ಏರಿ ಮೇಲೆ ನಿಂತು ನೋಡಿದೆ. ಅಷ್ಟು ಮಳೆ ಬಂದರೂ ಕಾಲು ಮುಳುಗುವಷ್ಟು ನೀರಿಲ್ಲ. ಹೊಟ್ಟೆ ಉರಿಯಿತು.

ಕಾರಣ ನನಗೆ ಗೊತ್ತು. ಎರಡು ವರ್ಷದ ಹಿಂದೆ ಇಲ್ಲಿಯ ಮಣ್ಣಿನ ಕಾಲುವೆಗೆ ಎರಡೂ ಕಡೆ ಕಾಂಕ್ರೀಟ್ ಗೋಡೆ ಕಟ್ಟಿದರು. ಕೆರೆಗೆ ತಿರುಗುವ ಬಾಯಿಗೂ ಅಡ್ಡ ಕಟ್ಟಿಬಿಟ್ಟರು. ಸೆಂಟ್ರಿಂಗ್ ಹೊಡೆಯುವಾಗಲೇ ಹೋಗಿ ಹೇಳಿದ್ದೆ, ನೀರು ಕೆರೆಗೆ ಹೋಗೋದು ಇಲ್ಲಿಂದಲೇ ಅಂತ. "ಡ್ರಾಯಿಂಗ್‌ನಲ್ಲಿ ಇಲ್ಲ ಮೇಡಂ" ಅಂದರು. ಪಕ್ಕದ ಬೀದಿಯಲ್ಲಿ ಈ ಊರಿನವರೇ ಆದ ಅಜ್ಜ ಒಬ್ಬರು ಇದ್ದಾರೆ. "ಮಳೆಗಾಲಕ್ಕೆ ಮುಂಚೆ ನೀರುಗಂಟಿ ನಿಂತು ಕಾಲುವೆ ತೆಗೆಸೋನು ಕಣಮ್ಮ, ಕೆರೆ ತುಂಬಿ ಕೋಡಿ ಬಿದ್ದರೆ ಊರಿಗೇ ಹಬ್ಬ" ಅಂತಾರೆ. ನೀರುಗಂಟಿ ಅಂದರೆ ಊರಿನ ಕೆರೆ, ಕಾಲುವೆ ನೋಡಿಕೊಳ್ಳುತ್ತಿದ್ದವನು. ಒಬ್ಬ ನೀರುಗಂಟಿಗೆ ಗೊತ್ತಿದ್ದದ್ದು ಇಷ್ಟು ಆಫೀಸುಗಳಿಗೆ ಯಾಕೆ ಗೊತ್ತಿಲ್ಲ?

ಆಫೀಸು ಅಂದೆನಲ್ಲ, ಅದರ ಕಥೆ ಕೇಳಿ. ರಸ್ತೆಯವರು ಚರಂಡಿ ನಮ್ಮದಲ್ಲ ಅಂದರು. ಚರಂಡಿಯವರು ಕೆರೆ ನಮ್ಮದಲ್ಲ ಅಂದರು. ಕೆರೆಯವರು ಗೋಡೆ ಕಟ್ಟಿದ್ದು ನಾವಲ್ಲ ಅಂದರು. ನಾಲ್ಕನೆಯವರು ನನ್ನನ್ನು ಮತ್ತೆ ಮೊದಲನೆಯವರ ಹತ್ತಿರ ಕಳಿಸಿದರು. ನೀರಿಗೆ ಏನು ಗೊತ್ತು ಯಾರ ಗಡಿ ಎಲ್ಲಿ ಅಂತ? ಅದು ತಗ್ಗು ನೋಡಿಕೊಂಡು ಹರಿಯುತ್ತದೆ, ಅಷ್ಟೇ.

2007ರಲ್ಲಿ ಬೆಂಗಳೂರಿಗೆ ಸೇರಿಸಿದ ಹಳ್ಳಿಗಳಲ್ಲಿ ನಮ್ಮದೂ ಒಂದು. ಎಲ್ಲಿ ಏನು ಕಟ್ಟಬಹುದು ಅಂತ ಹೇಳುವ, ನಗರ ಇವತ್ತಿಗೂ ನೆಚ್ಚಿಕೊಂಡಿರುವ ಮಾಸ್ಟರ್ ಪ್ಲಾನ್ ಕೂಡ ಅದೇ 2007ರದ್ದು, 2015ರವರೆಗೆ ಅಂತ ಮಾಡಿದ್ದು. 2031ಕ್ಕೆ ಅಂತ ಒಂದು ಕರಡು ಬಂತು, ಅದನ್ನೂ ವಾಪಸ್ ತೆಗೆದುಕೊಂಡರು. ಈ ಮಧ್ಯೆ ನಮ್ಮ ಕಣ್ಣೆದುರೇ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟ್‌ಗಳು ಎದ್ದವು. ಅಷ್ಟು ಮನೆಗೆ ನೀರು ಎಲ್ಲಿಂದ, ಅವರ ಮಳೆ ನೀರು ಎಲ್ಲಿಗೆ ಅಂತ ಕೇಳಿ ಆಮೇಲೆ ತಾನೇ ಅನುಮತಿ ಕೊಡಬೇಕಾದ್ದು?

ಮಳೆ ನೀರು ಕೊಯ್ಲು 2009ರಿಂದ ಕಡ್ಡಾಯ. ನಾನು ಮಾಡಿಸಿದ್ದೇನೆ. ಜಲ್ಲಿ, ಮರಳು ಹಾಕಿಸಿ, ಇಂಗುಗುಂಡಿ ತೋಡಿಸಿ, ಸಾಲ ಮಾಡಿ. 30×40 ಸೈಟಿನ ಮೇಲೆ ವರ್ಷಕ್ಕೆ ಸುಮಾರು ಒಂದು ಲಕ್ಷ ಲೀಟರ್ ಮಳೆ ಬೀಳುತ್ತದೆ. ಚಿಕ್ಕ ಲೆಕ್ಕ ಅಲ್ಲ ಅದು. ಕಾವೇರಿ ನೀರನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ, ನೂರಾರು ಮೀಟರ್ ಮೇಲಕ್ಕೆ, ಕರೆಂಟ್ ಸುರಿದು ತರುತ್ತೇವೆ. ತಲೆ ಮೇಲೆ ಬಿದ್ದ ನೀರನ್ನು ಗೋಡೆ ಕಟ್ಟಿ ಓಡಿಸುತ್ತೇವೆ. ಕಡ್ಡಾಯ ಅನ್ನೋದು ನನ್ನ ಮನೆಗೆ ಮಾತ್ರಾನಾ? ರಸ್ತೆಗೆ, ಚರಂಡಿಗೆ ಇಲ್ವಾ?

ಯಾರನ್ನು ಕೇಳಲಿ? ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಐದು ವರ್ಷ ಮುಗಿಯುವ ಮುಂಚೆ ಚುನಾವಣೆ ಆಗಬೇಕು ಅಂತ ಸಂವಿಧಾನವೇ ಹೇಳುತ್ತದೆ. ಆಗಲಿಲ್ಲ. 2025ರಲ್ಲಿ ಒಂದೇ ಇದ್ದ ಪಾಲಿಕೆಯನ್ನು ಒಡೆದು ಐದು ಮಾಡಿದರು. ಆಗಲೂ ಬೀದಿಯ ಜನ ಹೋಗಿ ಬಾಗಿಲು ತಟ್ಟೋಕೆ ಒಬ್ಬ ಸದಸ್ಯ ಇರಲಿಲ್ಲ. ಬೋರ್ಡಿನ ಮೇಲಿನ ಹೆಸರು ಬದಲಾಯಿತು, ಗೋಡೆ ಹಾಗೇ ಇದೆ.

ನಾನು ಕೇಳುತ್ತಿರುವುದು ಫ್ಲೈಓವರ್ ಅಲ್ಲ, ಸುರಂಗ ಅಲ್ಲ. ಗೋಡೆಯಲ್ಲಿ ಎರಡು ಅಡಿ ಅಗಲದ ಒಂದು ಬಾಯಿ ಒಡೆದು ಕೊಡಿ. ಇವತ್ತು ನಾಲ್ಕನೇ ಅರ್ಜಿ ಕೊಟ್ಟು ಬಂದೆ, ನೆನೆದ ಪುಸ್ತಕಗಳ ಫೋಟೋ ಲಗತ್ತಿಸಿ. ಸೀಲು ಹೊಡೆದುಕೊಟ್ಟರು.

ಈಗ ಸಂಜೆ ಆರು ಗಂಟೆ. ಪಡುವಣದಲ್ಲಿ ಮತ್ತೆ ಮೋಡ ಕಟ್ಟಿದೆ. ಮಗಳು ಒಣಗಿದ ಪುಸ್ತಕಗಳನ್ನು ಅಟ್ಟಕ್ಕೆ ಏರಿಸುತ್ತಿದ್ದಾಳೆ.