ಕಲಾ ಚಿಕಿತ್ಸೆಯ ಸ್ನಾತಕೋತ್ತರ ತರಗತಿ ಶಿವಮೊಗ್ಗಕ್ಕೆ ಈಗ ಬೇಕೇ?

ಪರ: ರೋಗಿಯ ಮಾತು ತಿಳಿಯುವ ಊರಿನಲ್ಲೇ ಕಲಿಕೆ ನಡೆಯಲಿ

ಸಾಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಚಿತ್ರಕಲೆ ಕಲಿಸುತ್ತೇನೆ. ಕೆಲವು ಮಳೆಗಾಲಗಳ ಹಿಂದೆ, ಕೊಳೆರೋಗಕ್ಕೆ ಮದ್ದು ಹೊಡೆಯುವಾಗ ಅಡಿಕೆ ಮರದಿಂದ ಬಿದ್ದು ತೀರಿಕೊಂಡ, ಮರ ಹತ್ತುವುದೇ ಕಸುಬಾದ ಕೊನೆಗೌಡರೊಬ್ಬರ ಮಗ ನನ್ನ ಎಂಟನೇ ತರಗತಿಯಲ್ಲಿದ್ದ. ನಾಲ್ಕು ತಿಂಗಳು ಅವನು ಬಿಡಿಸಿದ್ದೆಲ್ಲ ಅಡಿಕೆ ಮರಗಳನ್ನೇ; ಯಾವ ಮರಕ್ಕೂ ತುದಿ ಇರುತ್ತಿರಲಿಲ್ಲ, ಹಾಳೆಯ ಮೇಲಂಚಿಗೆ ಬರುವಷ್ಟರಲ್ಲಿ ಮರ ಮುಗಿದುಹೋಗುತ್ತಿತ್ತು. ಮೇಲೆ ಇನ್ನೊಂದು ಹಾಳೆ ಅಂಟಿಸಿಕೊಡಲೇ, ಏನಾದರೂ ಕೇಳಲೇ, ಸುಮ್ಮನೆ ಪಕ್ಕದಲ್ಲಿ ಕೂರಲೇ ಎಂದು ನನಗೆ ತಿಳಿಯಲಿಲ್ಲ. ನನ್ನ ಕಲಾ ಪದವಿ ಪ್ರಮಾಣವನ್ನೂ ನೆರಳು ಬೆಳಕನ್ನೂ ಕಲಿಸಿತ್ತು. ಆ ಹುಡುಗನ ಪಕ್ಕದಲ್ಲಿ ಹೇಗಿರಬೇಕು ಎಂಬುದನ್ನು ಕಲಿಸಿರಲಿಲ್ಲ.

ಅದನ್ನು ಕಲಿಸುವ ವಿದ್ಯೆಯೊಂದಿದೆ: ತರಬೇತಿ ಪಡೆದ ಚಿಕಿತ್ಸಕರ ಜೊತೆ ಕುಳಿತು, ಚಿತ್ರ ಬಿಡಿಸುತ್ತ ಮನಸ್ಸಿನ ನೋವಿಗೆ ದಾರಿ ಹುಡುಕುವ ಕಲಾ ಚಿಕಿತ್ಸೆ. ಚಿತ್ರ ನೋಡಿ ಮನಸ್ಸು ಹೇಳುವ ಕಣಿ ಎಂದು ಅದನ್ನು ತಿಳಿದವರು ಬಹಳ ಮಂದಿ ಇದ್ದಾರೆ. ಕಪ್ಪು ಬಳಿದರೆ ದುಃಖ, ಬಾಗಿಲಿಲ್ಲದ ಮನೆ ಬರೆದರೆ ಭಯ ಎಂಬಂಥ ಪಟ್ಟಿಗೂ ಕಲಾ ಚಿಕಿತ್ಸೆಗೂ ಸಂಬಂಧವಿಲ್ಲ. ಇಂಗ್ಲೆಂಡಿನ ಚಿತ್ರಕಾರ ಏಡ್ರಿಯನ್ ಹಿಲ್ ಕ್ಷಯರೋಗಿಯಾಗಿ ಸ್ಯಾನಿಟೋರಿಯಂನಲ್ಲಿ ಮಲಗಿದ್ದಾಗ ಚಿತ್ರ ಬಿಡಿಸುತ್ತಲೇ ಚೇತರಿಸಿಕೊಂಡು, ಅಕ್ಕಪಕ್ಕದ ರೋಗಿಗಳಿಗೂ ಅದನ್ನು ಹಚ್ಚಿ, 1942ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಮುಂದೆ ಅಮೆರಿಕದಲ್ಲಿ ಮಾರ್ಗರೆಟ್ ನೌಮ್‌ಬರ್ಗ್ ಚಿತ್ರವನ್ನು ಒಳಮನಸ್ಸಿನ ಮಾತೆಂದು ಕಂಡರೆ, ಈಡಿತ್ ಕ್ರೇಮರ್ ಮಾಡುವ ಕ್ರಿಯೆಯಲ್ಲೇ ವಾಸಿಮಾಡುವ ಗುಣವಿದೆ ಎಂದು ವಾದಿಸಿದರು. ಬ್ರಿಟನ್ನಿನಲ್ಲಿ ಇಂದು ಇದು ಎರಡು ವರ್ಷಗಳ ಪೂರ್ಣಾವಧಿಯ ಸ್ನಾತಕೋತ್ತರ ಓದು. ಆಸ್ಪತ್ರೆ ಶಾಲೆಗಳಲ್ಲಿ ಅನುಭವಿಗಳ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವುದಲ್ಲದೆ, ಓದುವ ಅವಧಿಯಲ್ಲಿ ವಿದ್ಯಾರ್ಥಿ ತಾನೇ ಒಬ್ಬ ಚಿಕಿತ್ಸಕರ ಮುಂದೆ ಕೂರಬೇಕೆಂಬ ನಿಯಮವೂ ಅಲ್ಲಿದೆ.

ಇಷ್ಟು ಗಂಭೀರವಾದ ಓದು ಬೆಂಗಳೂರಿನಲ್ಲಿ ನಡೆದರೆ ಸಾಲದೇ ಎಂದು ಕೇಳುವವರಿಗೆ ನನ್ನ ಮೊದಲ ಉತ್ತರ ಭಾಷೆಯದು. ನಮ್ಮ ಕಡೆಯ ಹೆಂಗಸೊಬ್ಬಳು ಖಿನ್ನತೆ ಎನ್ನುವುದಿಲ್ಲ. ಎದೆ ಮೇಲೆ ಕಲ್ಲಿಟ್ಟ ಹಾಗಾಗುತ್ತದೆ ಎನ್ನುತ್ತಾಳೆ, ಇಲ್ಲವೇ ಒಲೆ ಹಚ್ಚಲು ಮನಸ್ಸು ಬರುವುದಿಲ್ಲ ಎನ್ನುತ್ತಾಳೆ. ಆಕೆ ಕಲ್ಲನ್ನೋ ಒಲೆಯನ್ನೋ ಹಾಳೆಯ ಮೇಲೆ ಬಿಡಿಸಿದಾಗ ಎದುರಿಗಿರುವವರಿಗೆ ಆ ಮಾತಿನ ತೂಕ ಮೊದಲೇ ಗೊತ್ತಿರಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ಮುಳುಗಿದವು; ಹೀಗೆ ಎದ್ದು ಬಂದ ಕುಟುಂಬದ ಅಜ್ಜಿ ತಾನು ಹುಟ್ಟಿದ ಮನೆಯ ಪಡಸಾಲೆಯನ್ನು ಬೆರಳಿನಿಂದ ನೆಲದ ಮೇಲೆ ಬರೆದು ತೋರಿಸುವಾಗ ಪಡಸಾಲೆ ಯಾವುದು, ಜಗುಲಿ ಯಾವುದು ಎಂದು ಅವಳನ್ನೇ ಕೇಳಬೇಕಾದ ಚಿಕಿತ್ಸಕ ಅವಳ ದುಃಖದ ಹೊಸ್ತಿಲಲ್ಲೇ ನಿಂತುಬಿಡುತ್ತಾನೆ.

ಬೇಕಾದ ಸಂಸ್ಥೆಗಳು ಇಲ್ಲಿ ಬಿಡಿಬಿಡಿಯಾಗಿ ಇವೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ 1987ರಿಂದ ಇದೆ, ನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಮೆಗ್ಗಾನ್ ಆಸ್ಪತ್ರೆಯೂ ಇವೆ. ಮನೋವೈದ್ಯ ಡಾ. ಕೆ.ಎ. ಅಶೋಕ್ ಪೈ ಅವರು 2016ರಲ್ಲಿ ತೀರಿಕೊಳ್ಳುವವರೆಗೂ ದುಡಿದದ್ದು ಈ ಊರಿನಲ್ಲೇ. ಒಂದು ಕಲೆಯ ಗಂಭೀರ ಕಲಿಕೆಗೆ ಮಹಾನಗರವೇ ಬೇಕಿಲ್ಲ ಎಂಬುದನ್ನು ಹೆಗ್ಗೋಡಿನಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆದ ನೀನಾಸಂ ತೋರಿಸಿಕೊಟ್ಟಿದೆ.

ಆದರೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ವಿದ್ಯಾರ್ಥಿಗಳ ಬಳಗ. ಈ ಓದಿನಲ್ಲಿ ಸಹಪಾಠಿಗಳೇ ಅರ್ಧ ಪಠ್ಯ. ವಾರಕ್ಕೊಮ್ಮೆ ಹತ್ತು ಹನ್ನೆರಡು ಜನ ಒಂದೇ ಕೋಣೆಯಲ್ಲಿ ಕುಳಿತು ತಮ್ಮ ತಮ್ಮ ಚಿತ್ರ ಮಾಡುತ್ತಾರೆ. ಮುಗಿದ ಮೇಲೆ ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಮಾತಿಲ್ಲದೆ ಒಬ್ಬರ ಚಿತ್ರದ ಮುಂದೆ ಉಳಿದವರು ಸಾವಧಾನವಾಗಿ ಕೂರುತ್ತಾರೆ. ನಾಳೆ ರೋಗಿಯನ್ನು ಹಾಳೆಯ ಮುಂದೆ ಕೂರಿಸುವವರು ಖಾಲಿ ಹಾಳೆ ಹುಟ್ಟಿಸುವ ಹೆದರಿಕೆಯನ್ನು ಮೊದಲು ತಾವು ಅನುಭವಿಸಿರಬೇಕು. ಪದವಿ ಮುಗಿಸಿ ಒಬ್ಬೊಬ್ಬರೇ ಒಂದೊಂದು ತಾಲ್ಲೂಕಿಗೆ ಹೋಗುವ ಇವರಿಗೆ, ಕಷ್ಟದ ದಿನ ಸಂಜೆ ಫೋನ್ ಎತ್ತಿಕೊಂಡು ಮಾತನಾಡಲು ಈ ಹತ್ತು ಹನ್ನೆರಡು ಜನರೇ ಇರುತ್ತಾರೆ. ಬೆಂಗಳೂರಿನಲ್ಲಿ ಓದಿದ ನಮ್ಮ ಹುಡುಗಿಯ ಬಳಗ ಬೆಂಗಳೂರಿನಲ್ಲೇ ಉಳಿಯುತ್ತದೆ, ಬಹುಪಾಲು ಅವಳೂ ಅಲ್ಲೇ ಉಳಿಯುತ್ತಾಳೆ.

ಕಾನೂನಿನ ಬಾಗಿಲೂ ತೆರೆದಿದೆ. ಆರೋಗ್ಯ ಸಹಾಯಕ ವೃತ್ತಿಗಳಿಗಾಗಿ 2021ರಲ್ಲಿ ಬಂದ ಕೇಂದ್ರ ಕಾಯ್ದೆಯ ಅನುಸೂಚಿ ಕಲೆ, ನೃತ್ಯ ಮತ್ತು ಚಲನೆಯ ಚಿಕಿತ್ಸಕರನ್ನು ಹೆಸರಿಸುತ್ತದೆ. ಹೆಸರು ಬಂದ ಮೇಲೆ ಜನ ಬೇಕು, ಜನ ಬೇಕಾದರೆ ತರಗತಿ ಬೇಕು.

ವಿರೋಧ: ಕಲಿಸುವವರು ಸಿದ್ಧರಾಗದೆ ಕಲಿಯುವವರನ್ನು ಕರೆಯಬಾರದು

ಮಲೆನಾಡಿನ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ತೋಟ, ಗದ್ದೆ, ಹಳ್ಳ, ಅದರಾಚೆ ಒಂಟಿ ಮನೆ. ಹಾಗಾಗಿ ಮನೆಯ ಗುರುತೆಂದರೆ ಮನೆಯವರ ಗುರುತೇ. ಈ ಜಿಲ್ಲೆಯಲ್ಲಿ ಬಹಳ ವರ್ಷಗಳಿಂದ ಮನೋವೈದ್ಯಕೀಯ ಸಮಾಜ ಕಾರ್ಯಕರ್ತನಾಗಿರುವ ನನಗೆ ಇದು ಗೊತ್ತಿರಬೇಕಿತ್ತು. ಸಂಸ್ಥೆಯೊಂದು ಎರಡು ದಿನದ ಕಲಾ ಶಿಬಿರ ನಡೆಸಿದಾಗ ನಾನು ನೋಡಿಕೊಳ್ಳುತ್ತಿದ್ದ ಯುವತಿಯೊಬ್ಬಳನ್ನು ಕಳುಹಿಸಿದೆ. ಅವಳು ಒಂದು ಬಾವಿ, ಅದರ ಪಕ್ಕ ಜೋಡಿ ತೆಂಗಿನಮರ, ದರೆಯಿಂದ ಇಳಿಯುವ ಮುರುಕು ಮೆಟ್ಟಿಲು ಬಿಡಿಸಿದಳು. ಕೊನೆಯ ದಿನ ಎಲ್ಲರ ಚಿತ್ರಗಳನ್ನೂ ಹೆಸರು ಬರೆಯದೆ ಸಭಾಂಗಣದ ಗೋಡೆಗೆ ತೂಗುಹಾಕಿದರು. ಸಮಾರೋಪಕ್ಕೆ ಬಂದಿದ್ದ ಅವಳೂರಿನ ಒಬ್ಬರು ಬಾವಿಯನ್ನು ನೋಡಿದ ಕೂಡಲೇ ಇದು ಇಂಥವರ ಮನೆ ಎಂದರು. ಅವಳು ಮತ್ತೆ ಚಿಕಿತ್ಸೆಗೆ ಬರಲಿಲ್ಲ.

ರೋಗಿಯ ಗೋಪ್ಯತೆ ಹಕ್ಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಹೆಸರಿಲ್ಲದ ಚಿತ್ರವೂ ಹೆಸರು ಹೇಳಿಬಿಡುತ್ತದೆ ಎಂಬುದನ್ನು ಕಲಿಸುವುದು ಮಾತ್ರ ಮೊಳೆ ಹೊಡೆಯುವ ಮುನ್ನ ಕೈ ಹಿಡಿದು ತಡೆಯಬಲ್ಲ ಅನುಭವಿ ಮೇಲ್ವಿಚಾರಕ. ಅಂಥವರು ಶಿವಮೊಗ್ಗದಲ್ಲಿ ಎಷ್ಟು ಜನರಿದ್ದಾರೆ? ನನ್ನ ಇಷ್ಟು ವರ್ಷದ ಕೆಲಸದಲ್ಲಿ ಈ ವಿದ್ಯೆಯಲ್ಲೇ ಪೂರ್ಣ ತರಬೇತಿ ಪಡೆದು ಇಲ್ಲಿ ನೆಲೆಸಿದ ಒಬ್ಬರನ್ನೂ ನಾನು ಭೇಟಿಯಾಗಿಲ್ಲ. ಮನೋವಿಜ್ಞಾನದ ಅಧ್ಯಾಪಕರು ಒಂದು ಪತ್ರಿಕೆಯನ್ನೂ, ಚಿತ್ರಕಲೆಯ ಅಧ್ಯಾಪಕರು ಇನ್ನೊಂದನ್ನೂ ಪಾಠ ಮಾಡಿದರೆ ಎರಡು ಅರ್ಧಗಳು ಸೇರಿ ಒಂದು ವೃತ್ತಿಯಾಗುವುದಿಲ್ಲ. ಇದನ್ನು ಹೇಳುವಾಗ ನನಗೆ ಬೇಸರವಾಗುತ್ತದೆ, ಏಕೆಂದರೆ ಈ ವಿದ್ಯೆ ನಮ್ಮ ಜಿಲ್ಲೆಗೆ ಬರಲಿ ಎಂದು ನಾನೂ ಬಯಸುವವನೇ.

ಸಹಪಾಠಿಗಳ ಬಳಗದ ಬಗ್ಗೆ ಮೇಲಿನ ಲೇಖಕಿ ಬರೆದದ್ದು ನಿಜ; ನನ್ನ ಆತಂಕ ಹುಟ್ಟುವುದೂ ಅಲ್ಲೇ. ಆ ಕೋಣೆಯಲ್ಲಿ ವಿದ್ಯಾರ್ಥಿಗಳು ತಮ್ಮ ಸ್ವಂತ ನೋವನ್ನು ತೆರೆದಿಡುತ್ತಾರೆ. ಅದನ್ನು ಕಂಡ ಅಧ್ಯಾಪಕರೇ ಅವರ ಉತ್ತರಪತ್ರಿಕೆಗೂ ಅಂಕ ಹಾಕುವುದಾದರೆ ಯಾರು ಮನಬಿಚ್ಚಿ ಕುಂಚ ಹಿಡಿಯುತ್ತಾರೆ? ವಿದ್ಯಾರ್ಥಿ ಚಿಕಿತ್ಸೆಗೆ ಕೂರಬೇಕು ಎಂಬ ನಿಯಮವನ್ನು ಇಲ್ಲಿ ಪಾಲಿಸಬೇಕಾದರೆ ಅವಳಿಗೆ ಪಾಠ ಹೇಳದ, ಅವಳ ಮನೆಯವರ ಪರಿಚಯವಿಲ್ಲದ, ಅವಳ ಇಂಟರ್ನ್‌ಶಿಪ್ಪಿನ ವಾರ್ಡಿಗೆ ಸಂಬಂಧಪಡದ ಒಬ್ಬ ಚಿಕಿತ್ಸಕರು ಬೇಕು. ಎಲ್ಲರೂ ಎಲ್ಲರಿಗೂ ಯಾವುದೋ ಮದುವೆಯಲ್ಲಿ ಸಿಕ್ಕೇ ಸಿಗುವ ನಮ್ಮ ಸೀಮೆಯಲ್ಲಿ ಇದು ಸುಲಭವಲ್ಲ. ಬಳಗ ಚಿಕ್ಕದಾದಷ್ಟೂ ಆಸರೆ ಹೆಚ್ಚು ಎನ್ನುವುದು ಸರಿಯೇ, ಆದರೆ ಅಲ್ಲಿ ಆಡಿದ ಒಂದು ಮಾತು ಹೊರಗೆ ಹೋದರೆ ಅಡಗಲು ಜಾಗವೂ ಅಷ್ಟೇ ಕಡಿಮೆ.

ಸಂಶೋಧನೆಯ ಮಾತನ್ನೂ ಮರೆಯುವಂತಿಲ್ಲ. ಬ್ರಿಟನ್ನಿನಲ್ಲಿ ಸ್ಕಿಜೋಫ್ರೇನಿಯಾ ಇರುವ 417 ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಎಂದಿನ ಚಿಕಿತ್ಸೆಯ ಜೊತೆಗೆ ಗುಂಪು ಕಲಾ ಚಿಕಿತ್ಸೆ ಸೂಚಿಸಲ್ಪಟ್ಟವರು ಎಂದಿನ ಚಿಕಿತ್ಸೆ ಮಾತ್ರ ಪಡೆದವರಿಗಿಂತ ಎರಡು ವರ್ಷಗಳ ನಂತರ ಮೇಲಾಗಿರಲಿಲ್ಲ; ಅನೇಕರು ಗುಂಪಿಗೆ ಸರಿಯಾಗಿ ಬಂದೂ ಇರಲಿಲ್ಲ. ಈ ಒಂದು ಅಧ್ಯಯನದಿಂದ ಇಡೀ ವಿದ್ಯೆ ಸುಳ್ಳಾಗುವುದಿಲ್ಲ. ಆದರೆ ಪಳಗಿದ ಚಿಕಿತ್ಸಕರಿರುವ ದೇಶದಲ್ಲೇ ಫಲ ಹೀಗೆ ಬಂದಿರುವಾಗ, ಅರೆಬರೆ ಕಲಿತವರ ಕೈಯಿಂದ ನಾವು ಏನನ್ನು ನಿರೀಕ್ಷಿಸಬಹುದು?

ಇಂಥ ತರಗತಿಗೆ ಹಸೆ ಚಿತ್ತಾರವೇ ಆಧಾರವಾಗಲಿ ಎಂದೂ ಕೆಲವರು ಉತ್ಸಾಹದಿಂದ ಹೇಳುತ್ತಾರೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯನ್ನು ಪುಂಡಿ ನಾರಿನ ಕುಂಚದಿಂದ ಎಳೆಯುವ ದೀವರು ಸಮುದಾಯದ ಹೆಣ್ಣುಮಕ್ಕಳು ಅದನ್ನು ಮದುವೆಗಾಗಿ, ಭೂಮಿ ಹುಣ್ಣಿಮೆಯ ಬುಟ್ಟಿಗಾಗಿ ಬರೆಯುತ್ತಾರೆ. ಅದರ ಎಳೆಗಳಿಗೆ ಕ್ರಮವಿದೆ, ಹಾಡಿದೆ, ಹೊತ್ತಿದೆ. ವಾರ್ಡಿನಲ್ಲಿ ಕುಳಿತ ರೋಗಿ ಆ ಕ್ರಮ ತಪ್ಪಿಸಿ ಬರೆಯಲೂ ಸ್ವತಂತ್ರನಾಗಿರಬೇಕು. ಚಿತ್ತಾರದವರಿಗೆ ಆ ಕ್ರಮ ತಪ್ಪಬಾರದು. ಎರಡಕ್ಕೂ ಗೌರವ ಕೊಡಬೇಕಾದರೆ ಎರಡನ್ನೂ ಬೆರೆಸಬಾರದು.

ಉದ್ಯೋಗದ ಮಾತು ಚಿಕ್ಕದು: ಕಾಯ್ದೆಯ ಪಟ್ಟಿಯಲ್ಲಿ ಹೆಸರಿರುವುದು ಬೇರೆ, ತಾಲ್ಲೂಕು ಆಸ್ಪತ್ರೆಯಲ್ಲಿ ಹುದ್ದೆ ಇರುವುದು ಬೇರೆ.

ಹಾಗಾದರೆ ಆ ಎಂಟನೇ ತರಗತಿಯ ಹುಡುಗನ ಗತಿ ಏನು? ಅವನ ಶಿಕ್ಷಕಿಗೆ ಆ ದಿನ ಬೇಕಿದ್ದದ್ದು ಕೇಳಿದ ಕೂಡಲೇ ಉತ್ತರಿಸಬಲ್ಲ ಒಬ್ಬರು. ಈಗಾಗಲೇ ಸಮಾಜ ಕಾರ್ಯ, ಮನೋವಿಜ್ಞಾನ, ದೃಶ್ಯಕಲೆ ಓದಿರುವ ನಮ್ಮ ಜಿಲ್ಲೆಯ ನಾಲ್ಕೈದು ಜನರನ್ನು, ಮರಳಿ ಬರುವ ಒಪ್ಪಂದದೊಂದಿಗೆ, ವಿದ್ಯಾರ್ಥಿವೇತನ ಕೊಟ್ಟು ಹೊರಗೆ ಪೂರ್ಣ ತರಬೇತಿಗೆ ಕಳುಹಿಸಲಿ. ಬಂದ ಮೇಲೆ ಅವರು ಕೆಲವು ವರ್ಷ ಇಲ್ಲಿನ ವಾರ್ಡುಗಳಲ್ಲಿ, ಶಾಲೆಗಳಲ್ಲಿ ಕೆಲಸ ಮಾಡಲಿ; ಶಿಕ್ಷಕರ ಪ್ರಶ್ನೆಗಳಿಗೆ ತಿಂಗಳಿಗೊಮ್ಮೆ ಕೂತು ಉತ್ತರಿಸಲಿ; ರೋಗಿಯ ಚಿತ್ರ ಯಾರದು, ಎಷ್ಟು ಕಾಲ ಇಡಬೇಕು, ಯಾರಿಗೆ ತೋರಿಸಬಹುದು ಎಂಬುದಕ್ಕೆ ಇಲ್ಲಿಗೊಪ್ಪುವ ನಿಯಮ ಬರೆಯಲಿ. ತರಗತಿಯ ಅರ್ಜಿ ಕರೆಯುವುದು ಆಮೇಲಿನ ಮಾತು.

ಬಾವಿಯ ಆ ಚಿತ್ರವನ್ನು ನಾನು ಗೋಡೆಯಿಂದ ಇಳಿಸಿ ತಂದಿದ್ದೆ. ಅವಳ ಮನೆಗೆ ಅಂಚೆಯಲ್ಲಿ ಕಳುಹಿಸಿದರೆ ಬೇರೆಯವರು ಒಡೆದು ನೋಡಬಹುದು, ಹರಿದು ಹಾಕುವ ಅಧಿಕಾರ ನನಗಿಲ್ಲ. ಅದು ಇನ್ನೂ ನನ್ನ ಕಪಾಟಿನಲ್ಲಿದೆ.