ಅಕ್ವೇರಿಯಂ ಬಸವನಹುಳುವಿಗೆ ಮೈಲುತುತ್ತ: ಒಂದು ಸ್ಪಷ್ಟನೆ

‘ಗಿಡ ನೆಟ್ಟ ಅಕ್ವೇರಿಯಂನಲ್ಲಿ ಬಸವನಹುಳು ಕಂಡರೆ ಗಿಡಗಳೆಲ್ಲ ಖಾಲಿ, ಕೂಡಲೇ ಚಿಟಿಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕಿ’ ಎಂಬ ಸಲಹೆ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ. ಹುಳುವಿನ ಮೇಲಿನ ಆರೋಪವೂ ತಪ್ಪು, ಹೇಳಿದ ಮದ್ದೂ ತಪ್ಪು.

ಹೊಸ ಗಿಡಗಳಿಗೆ ಅಂಟಿದ ಮೊಟ್ಟೆಗಳಿಂದ ಬರುವ ಸಣ್ಣ ಬ್ಲ್ಯಾಡರ್, ರ‍್ಯಾಮ್ಸ್‌ಹಾರ್ನ್ ಹುಳುಗಳು ಮುಖ್ಯವಾಗಿ ಪಾಚಿ, ಕೊಳೆತ ಎಲೆ, ಮೀನು ಬಿಟ್ಟ ಆಹಾರವನ್ನು ತಿನ್ನುತ್ತವೆ. ಪೊಟ್ಯಾಷಿಯಂ ಕೊರತೆಯಿಂದ ತೂತುಬಿದ್ದು ಸಾಯುತ್ತಿರುವ ಎಲೆಯ ಮೇಲೆ ಕುಳಿತ ತಪ್ಪಿಗೆ ಅವಕ್ಕೆ ಕಳ್ಳನ ಪಟ್ಟ! ಜೀವಂತ ಗಿಡ ಮೇಯುವ ಹುಳುವೂ ಇದೆ, ನಿಜ: ದಕ್ಷಿಣ ಅಮೆರಿಕ ಮೂಲದ ಪೊಮೇಸಿಯ ಕೆನಾಲಿಕುಲೇಟ. ಏಷ್ಯಾದ ಹಲವು ದೇಶಗಳ ಭತ್ತದ ಗದ್ದೆಗಳಿಗೂ ಅದು ಪೀಡೆ.

ಮೈಲುತುತ್ತ ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಸರಿ. ತೊಟ್ಟಿಯಲ್ಲಿ ಅದರ ತಾಮ್ರ ಸೀಗಡಿಗಳನ್ನೂ ಕೊಲ್ಲುತ್ತದೆ. ನೂರಾರು ಹುಳುಗಳು ಒಟ್ಟಿಗೆ ಸತ್ತು ಕೊಳೆತರೆ ಅಮೋನಿಯಾ ಏರುತ್ತದೆ. ಮುಂದಿನದು ಮೀನುಗಳ ಸರದಿ.

ಹುಳುಗಳು ವಿಪರೀತ ಹೆಚ್ಚಿದ್ದರೆ ಸಾಮಾನ್ಯವಾಗಿ ಕಾರಣ ನಮ್ಮ ಕೈಯೇ, ಆಹಾರ ಹಾಕುವ ಕೈ. ಮೀನು ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನೇ ಹಾಕಿ. ರಾತ್ರಿ ದೀಪ ಆರಿಸಿದ ಮೇಲೆ ಸೌತೆಕಾಯಿಯ ಬಿಲ್ಲೆಯೊಂದನ್ನು ಮುಳುಗಿಸಿಟ್ಟು, ಬೆಳಿಗ್ಗೆ ಮುತ್ತಿಕೊಂಡ ಹುಳುಗಳ ಸಮೇತ ತೆಗೆಯಿರಿ. ಕೆಲವು ವಾರ ಹಿಡಿಯುತ್ತದೆ. ತೆಗೆದದ್ದನ್ನು ಕೆರೆಗೆ ಮಾತ್ರ ಚೆಲ್ಲಬೇಡಿ.