ಎಷ್ಟು ಗಂಟೆಗೆ ಬರ್ತೀರಾ?

ಡಿಸೆಂಬರ್ ಎರಡನೇ ವಾರ ಶುರುವಾಯಿತು ಅಂದರೆ ಮನೆಮನೆಗೆ ಹೋಗಿ ಕ್ರಿಸ್ಮಸ್ ಹಾಡು, ಅಂದರೆ ಕ್ಯಾರಲ್ಸ್, ಹಾಡುವ ಚರ್ಚಿನ ತಂಡದಲ್ಲಿರುವ ನನ್ನ ಫೋನಿಗೆ ಒಂದೇ ಪ್ರಶ್ನೆ. "ಅಂಕಲ್, ನಮ್ಮನೆಗೆ ಕ್ಯಾರಲ್ಸ್ ಎಷ್ಟು ಗಂಟೆಗೆ ಬರುತ್ತೆ?" ಏಳು ಗಂಟೆ ಮೇಲೆ ಅಂದರೆ ಸಾಲದು. "ಮೇಲೆ ಅಂದ್ರೆ ಏಳೂವರೆನಾ, ಎಂಟಾ?" ಮಗಳ ಟ್ಯೂಷನ್, ಅತ್ತೆಯ ಸೀರಿಯಲ್ಲು, ನಲ್ಲಿಯಲ್ಲಿ ನೀರು ಬರುವ ಹೊತ್ತು, ಎಲ್ಲ ಲೆಕ್ಕ ಹಾಕಿ ಕೊನೆಗೆ ಅವರೇ ನಮಗೊಂದು ಟೈಮ್ ಕೊಡುತ್ತಾರೆ. ಗ್ಯಾಸ್ ಸಿಲಿಂಡರಿಗೂ ಇಷ್ಟು ವಿಚಾರಣೆ ಇರುವುದಿಲ್ಲ.

ಕ್ರಿಸ್ಮಸ್ಸಿಗೆ ಕಾಯುವ ಆಗಮನ ಕಾಲದ ಮೊದಲ ಭಾನುವಾರ ಮುಂದಿನ ಬೆಂಚಿನಲ್ಲೇ ಕೂತು ಶುಭಸಂದೇಶ ಕೇಳಿದವರು ಇವರೇ. ಆ ದಿನದ ವಾಚನ ಒಂದು ವರ್ಷ ಮತ್ತಾಯನದು, ಮರುವರ್ಷ ಮಾರ್ಕನದು, ಅದರ ಮರುವರ್ಷ ಲೂಕನದು. ಯಾರದ್ದಾದರೂ ಮಾತು ಒಂದೇ. ಎಚ್ಚರವಾಗಿರಿ, ಪ್ರಭು ಬರುವ ಆ ಗಳಿಗೆ ಯಾವಾಗ ಬರುತ್ತದೋ ನಿಮಗೆ ಗೊತ್ತಾಗುವುದಿಲ್ಲ. ಎಲ್ಲರೂ ತಲೆಯಾಡಿಸಿದರು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗಲೇ ಒಬ್ಬರು ನನ್ನ ತೋಳು ಹಿಡಿದು, "ಈ ಸಲ ನಮ್ಮ ವಲಯಕ್ಕೆ ಯಾವ ತಾರೀಖು?" ಎಂದರು.

ಕಾಯುವುದು ಅಂದರೆ ಏನು, ಈ ನಾಲ್ಕು ವಾರ ಯೋಚನೆ ಮಾಡಿ ಅಂತ ಫಾದರ್ ಹೇಳಿದ್ದರು. ಅದನ್ನೇ ಬರೆಯೋಣ ಅಂತ ಕೂತಿದ್ದೇನೆ. ಮೊದಲು ಮಂಡಕ್ಕಿ ವಿಷಯ ಮುಗಿಸಿಬಿಡುತ್ತೇನೆ.

ಮಂಗಳೂರಿನ ಕಡೆ ಕ್ರಿಸ್ಮಸ್ ಅಂದರೆ ಕುಸ್ವಾರ್. ಕಿಡಿಯೊ, ನೆವ್ರಿ, ಗುಳಿಯೊ ಅಂತ ಡಬ್ಬಗಟ್ಟಲೆ ತಿಂಡಿ. ಬೆಂಗಳೂರಿನವರಿಗೆ ಪ್ಲಮ್ ಕೇಕ್. ದಾವಣಗೆರೆಯಲ್ಲೂ ಇವು ಇಲ್ಲ ಅಂತಲ್ಲ. ಕರಾವಳಿಯಿಂದ ಬಂದು ನೆಲೆಸಿದವರ ಮನೆಗಳಲ್ಲಿ ಇರುತ್ತವೆ, ಅಟ್ಟದ ಮೇಲೆ, ಮುಚ್ಚಳ ಬಿಗಿದು. 25ರ ತನಕ ಕೆಳಗಿಳಿಯುವುದಿಲ್ಲ. ಅದಕ್ಕೆ ಮುಂಚೆ, ರಾತ್ರಿ ಚಳಿಯಲ್ಲಿ ಬಾಗಿಲಿಗೆ ಬಂದು ಹಾಡುವವರಿಗೆ ಈ ಊರಿನ ಮನೆಗಳು ಕೊಡುವುದು ಮಂಡಕ್ಕಿ ಮಿರ್ಚಿ. ಹಾಡುವವರಿಗೆ! ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದ ಹಸಿಮೆಣಸಿನಕಾಯಿ! ಗಂಟಲು ಕೆಡಿಸಲೇಬೇಕು ಅಂತ ಕೂತು ಯೋಚಿಸಿದರೂ ಇದಕ್ಕಿಂತ ಒಳ್ಳೆಯ ತಿಂಡಿ ಹೊಳೆಯಲಿಕ್ಕಿಲ್ಲ.

ಬೇಡ ಅನ್ನುವಂತಿಲ್ಲ. "ಒಂದೇ ಒಂದ್ ತಿನ್ರಿ, ಬಿಸಿ ಐತಿ" ಅಂತ ತಟ್ಟೆ ಮುಂದೆ ಬರುತ್ತದೆ. ಮೊದಲ ಮನೆಯಲ್ಲಿ ಖಾರ ಮಂಡಕ್ಕಿ. ಎರಡನೇ ಮನೆಯಲ್ಲಿ ನರ್ಗಿಸ್ ಮಂಡಕ್ಕಿ, ಪುಟಾಣಿ ಪುಡಿ ಉದುರಿಸಿದ್ದು. ಆ ಪುಡಿ ಒಂದು ಕಣ ಗಂಟಲಲ್ಲಿ ಕೂತರೆ ಸಾಕು, ಮೇಲಿನ ಸ್ವರಕ್ಕೆ ಹೋಗಬೇಕಾದವರು ಕೆಮ್ಮುತ್ತಾ ನಿಲ್ಲುತ್ತಾರೆ. ಮೂರನೇ ಮನೆಯಲ್ಲಿ ಮಿರ್ಚಿ ಜೊತೆಗೆ ಚಹಾ. ನಾಲ್ಕನೇ ಮನೆಯವರು, "ಆ ಮನೇಲಿ ತಿಂದು ನಮ್ಮನೇಲಿ ಬೇಡ ಅಂತೀರಾ?" ಅಂತ ಮುಖ ಊದಿಸುತ್ತಾರೆ. ಐದನೇ ಮನೆಗೆ ಬರುವಷ್ಟರಲ್ಲಿ ನಮ್ಮ ತಂಡದ ನಾಲ್ಕು ಧ್ವನಿಗಳೂ ಒಂದೇ ಆಗಿರುತ್ತವೆ. ಆ ಒಂದು ಧ್ವನಿ ನನ್ನದು, ದಪ್ಪದ್ದು, ಯಾವ ಎಣ್ಣೆಗೂ ಜಗ್ಗದ್ದು. ಆದರೂ "ಅಂಕಲ್, ನೀವು ಸ್ವಲ್ಪ ಮೆಲ್ಲಗೆ" ಅಂತ ನನಗೇ ಹೇಳುತ್ತಾರೆ. ಹೇಳುವವನು ಕೀಬೋರ್ಡ್ ಹುಡುಗ. ಪ್ರತಿ ಮನೆಯಲ್ಲೂ ಮೂರು ಮಿರ್ಚಿ ತಿನ್ನುವವನು. ಅವನಿಗೇನು, ಬೆರಳಿಗೆ ಕೆಮ್ಮು ಬರುತ್ತದೆಯೇ? ಎಣ್ಣೆ ಬೆರಳಲ್ಲಿ ಒತ್ತಿ ಒತ್ತಿ ಕೀಬೋರ್ಡಿನ ಎರಡು ಕೀ ಈಗ ಮೇಲೇಳುವುದೇ ಇಲ್ಲ. ಅದರ ರಿಪೇರಿ ಖರ್ಚು ಗಾಯನ ವೃಂದದ ಲೆಕ್ಕಕ್ಕೆ.

ಕ್ರಿಸ್ಮಸ್ ತಾತನ ಕಷ್ಟ ಬೇರೆ. ತಾತ ಅಂದರೆ ಡಿಪ್ಲೊಮಾ ಓದುವ ಹುಡುಗ, ಮೀಸೆಯೇ ಇನ್ನೂ ಸರಿಯಾಗಿ ಬಂದಿಲ್ಲ. ಹತ್ತಿ ಮಿಲ್ಲುಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರು ನಮ್ಮದು. ಇಲ್ಲಿನ ತಾತನಿಗೆ ನೈಲಾನ್ ಗಡ್ಡ! ಗಡ್ಡ ಎತ್ತಿ ಮಿರ್ಚಿ ತಿಂದು ಗಡ್ಡ ಇಳಿಸಬೇಕು. ವಾರ ಕಳೆಯುವುದರೊಳಗೆ ಬಾಯಿಯ ಸುತ್ತ ಅರಿಶಿನ ಬಣ್ಣ. ವಿದ್ಯಾನಗರದ ಒಂದು ಮಗು, "ತಾತ ಪಾನ್ ಹಾಕ್ಕೊಂಡಿದಾರೆ" ಅಂತ ಜೋರಾಗಿಯೇ ಹೇಳಿತು.

ಇದಕ್ಕೆಲ್ಲ ಕೊನೆ ಹಾಡಬೇಕು ಅಂತ ಒಂದು ವರ್ಷ ಸಭೆಯಲ್ಲಿ ಠರಾವು ಮಾಡಿದೆವು. ಕ್ಯಾರಲ್ಸ್ ತಂಡ ಯಾರ ಮನೆಯಲ್ಲೂ ತಿಂಡಿ ತಿನ್ನಕೂಡದು. ಎಲ್ಲರೂ ಒಪ್ಪಿದರು. ಮೊದಲ ದಿನದ ಮೊದಲ ಮನೆ ಠರಾವು ಮಂಡಿಸಿದವರದೇ. ಅವರ ಹೆಂಡತಿ ಬಾಗಿಲಲ್ಲಿ ನಿಂತು, "ಠರಾವು ಅವರದು, ಅಡುಗೆಮನೆ ನಂದು, ಕುಂದ್ರ್ರಿ" ಎಂದರು. ಕೂತೆವು.

ಪಟ್ಟಿ ಉದ್ದವಾಗುವುದಕ್ಕೆ ನಮ್ಮವರು ಮಾತ್ರ ಕಾರಣವಲ್ಲ. ನಿಟ್ಟುವಳ್ಳಿಯ ಒಂದು ಬೀದಿಯಲ್ಲಿ ಹಾಡಿ ಹೊರಡುವಾಗ ಪಕ್ಕದ ಮನೆಯ ಅಜ್ಜಿ ಗೇಟಿನಲ್ಲಿ ನಿಂತಿದ್ದರು. ಹಣೆ ತುಂಬ ವಿಭೂತಿ. "ಅಲ್ರೀ, ವರ್ಷಾ ಆ ಮನಿಗೇ ಬರ್ತೀರಿ. ನಮ್ಮನಿ ಏನ್ ಪಾಪ ಮಾಡೇತಿ?" ಅಂದರು. ಹೋದೆವು. ತಾತನನ್ನು ಕುರ್ಚಿಯಲ್ಲಿ ಕೂರಿಸಿದರು. ಒಂದು ಹಾಡು ಪೂರ್ತಿ ಕೇಳಿದರು, ಇನ್ನೊಂದು ಹೇಳ್ರಿ ಅಂದರು. ಆಮೇಲೆ ತಾತನ ಕೈಗೆ ಎಲೆ ಅಡಿಕೆ, ಬಾಳೆಹಣ್ಣು, ಮೇಲೆ ಹನ್ನೊಂದು ರೂಪಾಯಿ ಇಟ್ಟು ಕೈಮುಗಿದರು. ಹುಡುಗ ಗಾಬರಿಯಾಗಿ ಅಜ್ಜಿಯ ಕಾಲಿಗೇ ಬಿದ್ದ. ಬೀಳುವಾಗ ಗಡ್ಡ ಕಳಚಿತು. "ಅಯ್ಯ, ಸಣ್ಣ ಹುಡುಗ ಐತಲ್ಲೋ!" ಅಂತ ಅಜ್ಜಿ ಒಳಗೆ ಹೋಗಿ ಅವನಿಗೆ ಮಾತ್ರ ಇನ್ನೆರಡು ಮಿರ್ಚಿ ತಂದುಕೊಟ್ಟರು. ಆ ಮನೆ ಈಗ ಪಟ್ಟಿಯಲ್ಲಿ ಕಾಯಂ. ಅವರ ಎದುರು ಮನೆಯವರು ಈ ಸಲ ಕೇಳಿದ್ದಾರಂತೆ.

ಇಷ್ಟೆಲ್ಲ ಆದ ಮೇಲೆ ಎಷ್ಟು ಗಂಟೆಗೆ ಅಂತ ನಾನು ಹೇಗೆ ಹೇಳಲಿ? ಮೊದಲು ಅಶೋಕ ಟಾಕೀಸ್ ಪಕ್ಕದ ರೈಲ್ವೆ ಗೇಟ್ ಬಿದ್ದಿತ್ತು ಅಂತ ಹೇಳಿ ಪಾರಾಗಬಹುದಿತ್ತು. ಈಗ ಆ ನೆಪವನ್ನು ಯಾರೂ ನಂಬುವುದಿಲ್ಲ.

ಕಾಯುವ ವಿಷಯಕ್ಕೆ ಬರುತ್ತೇನೆ. ಚರ್ಚಿನಲ್ಲಿ ಹಸಿರು ಎಲೆಯ ಚಕ್ರದ ನಡುವೆ ನಾಲ್ಕು ಮೇಣದಬತ್ತಿ ಇಟ್ಟು ವಾರಕ್ಕೊಂದು ಹಚ್ಚುತ್ತೇವಲ್ಲ, ಅದನ್ನು 1839ರಲ್ಲಿ ಹ್ಯಾಂಬರ್ಗಿನಲ್ಲಿ ಶುರು ಮಾಡಿದವರು ವಿಖರ್ನ್ ಎಂಬ ಪಾದ್ರಿ ಅನ್ನುತ್ತಾರೆ. ಅವರು ನಡೆಸುತ್ತಿದ್ದ ಆಶ್ರಯಧಾಮದ ಮಕ್ಕಳು ಕ್ರಿಸ್ಮಸ್ ಯಾವಾಗ, ಯಾವಾಗ ಅಂತ ದಿನಾ ಪೀಡಿಸುತ್ತಿದ್ದರಂತೆ. ಗಾಡಿಯ ಚಕ್ರದ ಮೇಲೆ ಬತ್ತಿ ನಿಲ್ಲಿಸಿ, ಎಣಿಸಿಕೊಳ್ಳಿ ಅಂದರಂತೆ. ಆ ಪಾದ್ರಿಯ ಕಷ್ಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮಲ್ಲಿ ಬತ್ತಿಯ ಜಗಳ ಬೇರೆ. ಮೂರು ನೇರಳೆ, ಒಂದು ಗುಲಾಬಿ ಬೇಕು. ಪೇಟೆಯಲ್ಲಿ ನೇರಳೆ ಕೇಳಿದರೆ ನೀಲಿ ಕೊಡುತ್ತಾರೆ. 2023ರಲ್ಲಂತೂ ನಾಲ್ಕನೇ ಭಾನುವಾರ ಡಿಸೆಂಬರ್ 24ಕ್ಕೇ ಬಿತ್ತು. ಇಡೀ ಆಗಮನ ಕಾಲ ಬರೀ 22 ದಿನ. ಬೆಳಗ್ಗೆ ಪೀಠಕ್ಕೆ ಆಗಮನ ಕಾಲದ ನೇರಳೆ ಬಟ್ಟೆ, ರಾತ್ರಿಗೆ ಕ್ರಿಸ್ಮಸ್ಸಿನ ಬಿಳಿ. ಪೀಠ ಅಲಂಕರಿಸುವ ಹೆಂಗಸರು ಮಧ್ಯಾಹ್ನ ಊಟ ಬಿಟ್ಟು ಕೆಲಸ ಮಾಡಿದರು. ಅವತ್ತು ಅವರ ಹತ್ತಿರ ಹೋಗಿ ಕಾಯುವಿಕೆಯ ಮಹತ್ವ ಮಾತಾಡುವ ಧೈರ್ಯ ಫಾದರಿಗೂ ಇರಲಿಲ್ಲ.

ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ ಮಾಡುತ್ತೇವಲ್ಲ, ಆ ಗೋದಲಿಯ ಕಥೆ ಇನ್ನೂ ಬೇಸರದ್ದು. 1223ರಲ್ಲಿ ಗ್ರೆಚ್ಚೊ ಎಂಬ ಊರಲ್ಲಿ ಸಂತ ಫ್ರಾನ್ಸಿಸರು ನಿಜವಾದ ಹುಲ್ಲು, ಎತ್ತು, ಕತ್ತೆ ಇಟ್ಟು ಗೋದಲಿ ಮಾಡಿದರು. ಭದ್ರಾ ನಾಲೆಯ ನೀರಲ್ಲಿ ಭತ್ತ ಬೆಳೆಯುವ ಸೀಮೆ ನಮ್ಮದು. ನಮಗೆ ಹುಲ್ಲಿಗೆ ಬರವೇ? ಬರವೇ. ಕೊಯ್ಲಿನ ಮಷಿನ್ ಓಡಾಡಿದ ಗದ್ದೆಯಲ್ಲಿ ಉದ್ದನೆಯ ಹುಲ್ಲು ಉಳಿಯುವುದಿಲ್ಲ, ಎಲ್ಲ ನುಗ್ಗುನುರಿ. ಅದರಲ್ಲಿ ಚಾವಣಿ ಹೊದಿಸಲು ಆಗುವುದಿಲ್ಲ. ಕೈಯಲ್ಲಿ ಕೊಯ್ಯಿಸುವ ಒಬ್ಬ ರೈತರು ಹರಿಹರದ ದಾರಿಯಲ್ಲಿದ್ದಾರೆ, ಒಂದು ಹೊರೆ ಕೊಡುತ್ತಾರೆ ಅಂತ ನಾನು ಸಭೆಯಲ್ಲಿ ಹೇಳಿದೆ. ತಟ್ಟೆಗಳಲ್ಲಿ ರಾಗಿ ಬಿತ್ತಿದರೆ ಹತ್ತು ದಿನದಲ್ಲಿ ಹಸಿರು ಬರುತ್ತದೆ, ಅದನ್ನು ನಾನೇ ನೋಡಿಕೊಳ್ಳುತ್ತೇನೆ ಅಂತಲೂ ಹೇಳಿದೆ. ಯುವಕರು ಮೊಬೈಲ್ ತೋರಿಸಿದರು. ರೆಡಿಮೇಡ್ ಗೋದಲಿ, ಥರ್ಮೊಕೋಲ್ ಗುಡ್ಡ, ಸ್ಪ್ರೇ ಹೊಡೆದ ಹಿಮ, ಒಳಗೆ ಮಿಣುಕುವ ದೀಪ. ಗುಂಡಿ ಒತ್ತಿದರೆ ಅದೇ ಹಾಡುತ್ತದಂತೆ, ಕೆಮ್ಮದೆ.

ಮತಕ್ಕೆ ಹಾಕಿದರು. ಥರ್ಮೊಕೋಲ್ ಗೆದ್ದಿತು. ಕೀಬೋರ್ಡ್ ಹುಡುಗ ಎರಡೂ ಕೈ ಎತ್ತಿದ್ದ. ನನ್ನ ವಿರೋಧವನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಿ ಅಂತ ಕಾರ್ಯದರ್ಶಿಗೆ ಹೇಳಿ ಬಂದಿದ್ದೇನೆ. ಬರೆದಿದ್ದಾರೋ ಇಲ್ಲವೋ, ಭಾನುವಾರ ಪೂಜೆ ಮುಗಿದ ಮೇಲೆ ಪುಸ್ತಕ ಈಸಿಕೊಂಡು ನೋಡಬೇಕು.